ಡೇರೆಯ ಹೊರಗೆ ಹದಿನೆಂಟು ವರ್ಷ

ಬುದ್ಧಿವಾದ ಹೇಳುವವರೆಲ್ಲ ಅದೇ ವಿಷಯದಲ್ಲಿ ಒಮ್ಮೆಯಾದರೂ ಮುಗ್ಗರಿಸಿ ಬಿದ್ದವರು ಎಂಬುದು ನನ್ನ ಬಹುದಿನದ ಅನುಮಾನ. ನಮ್ಮ ಓಣಿಯಲ್ಲಿ ಮಕ್ಕಳಿಗೆ ಶಿಸ್ತು ಕಲಿಸುವುದು ಹೇಗೆಂದು ತಾಸುಗಟ್ಟಲೆ ಹೇಳಬಲ್ಲ ಹೆಣ್ಣುಮಗಳೊಬ್ಬಳಿದ್ದಾಳೆ. ಮೊನ್ನೆ ಆಕೆಯ ಮಗನೇ ನಮ್ಮ ಹಿತ್ತಲಿನ ಪೇರಲ ಗಿಡವನ್ನು ಬೋಳಿಸಿ ಹೋದ. ಹೇಳೋದು ಆಚಾರ, ತಿನ್ನೋದು ಬದನೆಕಾಯಿ ಎಂದು ನಾನು ಮನಸ್ಸಿನಲ್ಲೇ ನಕ್ಕೆ. ನಕ್ಕ ನಾಲ್ಕನೆಯ ದಿನಕ್ಕೆ ಆ ಬದನೆಕಾಯಿ ನನ್ನ ತಾಟಿಗೇ ಬಂದು ಬಿತ್ತು. ಬರುವ ವಾರ ಬಾಗಲಕೋಟೆಯಲ್ಲಿ, ಸ್ಕೌಟು-ಗೈಡು ಮಕ್ಕಳನ್ನು ಶಿಬಿರಕ್ಕೆ ಕರೆದುಕೊಂಡು ಹೋಗಲು ಹೊಸದಾಗಿ ಮುಂದೆ ಬಂದ ಶಿಕ್ಷಕ ಶಿಕ್ಷಕಿಯರಿಗೆ ನಾನು ಅರ್ಧ ತಾಸು ಉಪಯುಕ್ತ ಸಲಹೆ ಕೊಡಬೇಕಂತೆ. ಫೋನ್ ಮಾಡಿದವರು, "ಅನುಭವಸ್ಥರು ನೀವು, ಇದ್ದದ್ದನ್ನ ಇದ್ದಂಗ ಹೇಳಿಬಿಡ್ರಿ" ಅಂದರು. ಇದ್ದದ್ದನ್ನು ಇದ್ದ ಹಾಗೆ ಹೇಳಿದರೆ ಅವರು ನನಗೆ ಹಾಕಬೇಕೆಂದು ತಂದ ಶಾಲನ್ನು ಮಡಚಿ ಒಳಗಿಡಬೇಕಾದೀತು. ಅದಕ್ಕೇ ಅಲ್ಲಿ ಹೇಳಲಾಗದ್ದನ್ನು ನಿಮ್ಮ ಮುಂದೆ ಹೇಳಿಕೊಳ್ಳುತ್ತಿದ್ದೇನೆ.

ಇಳಕಲ್ಲಿನ ಒಂದು ಪ್ರೌಢಶಾಲೆಯಲ್ಲಿ ನಾನು ಸಮಾಜ ವಿಜ್ಞಾನ ಕಲಿಸುತ್ತೇನೆ, ಅದರ ಜೊತೆಗೆ ಗೈಡ್ಸ್ ದಳದ ಕ್ಯಾಪ್ಟನ್. ಹದಿನೆಂಟು ವರ್ಷಗಳಿಂದ ಪ್ರತಿ ಚಳಿಗಾಲದಲ್ಲಿ ಊರವರ ಹೆಣ್ಣುಮಕ್ಕಳನ್ನು ಸಾಲಾಗಿ ನಿಲ್ಲಿಸಿ, ಎಣಿಸಿ, ಬಸ್ಸು ಹತ್ತಿಸಿ, ಮತ್ತೆ ಎಣಿಸಿ ಶಿಬಿರಕ್ಕೆ ಕರೆದುಕೊಂಡು ಹೋಗಿದ್ದೇನೆ. ಡೇರೆಯ ಗೂಟ ಯಾವ ಕೋನದಲ್ಲಿ ಹೊಡೆಯಬೇಕು, ಮಳೆ ಬಂದರೆ ಹಗ್ಗ ಎಷ್ಟು ಸಡಿಲಿಸಬೇಕು ಎಂದು ಕಣ್ಣು ಮುಚ್ಚಿ ಹೇಳಬಲ್ಲೆ. ಆದರೆ ನನ್ನ ಗುಟ್ಟು ಇದು: ಈ ಹದಿನೆಂಟು ವರ್ಷದಲ್ಲಿ ಒಂದು ರಾತ್ರಿಯೂ ನಾನು ಡೇರೆಯೊಳಗೆ ಮಲಗಿ ಎದ್ದವಳಲ್ಲ. ಡೇರೆಗಳೇನಿದ್ದರೂ ಮಕ್ಕಳಿಗೆ. ಕ್ಯಾಪ್ಟನ್ ಆದವಳು ಅಕ್ಕಿ, ಬೇಳೆ, ಎಣ್ಣೆ ಇಟ್ಟ ಕೋಣೆಯ ಬಾಗಿಲಿಗೆ ಅಡ್ಡಲಾಗಿ ಮಲಗಬೇಕು. ಒಂದು ವರ್ಷ ಡೇರೆ ಒಂದು ಹೆಚ್ಚಾಗಿತ್ತು, ಹುಡುಗಿಯೊಬ್ಬಳಿಗೆ ಸಿಡುಬಿನಂಥ ಗುಳ್ಳೆ ಎದ್ದು ಅದು ದವಾಖಾನೆಯಾಯಿತು. ಇನ್ನೊಂದು ವರ್ಷ ನನ್ನ ಹಾಸಿಗೆ ಸುರುಳಿಯೂ ಒಳಗೆ ಹೋಗಿತ್ತು, ಮಳೆ ಬಂದು ಕಟ್ಟಿಗೆಯನ್ನು ಅಲ್ಲಿಗೆ ತುಂಬಿದೆವು. ಕಟ್ಟಿಗೆ ಬೆಚ್ಚಗೆ ಡೇರೆಯಲ್ಲಿ ಮಲಗಿತು, ನಾನು ಪಡಸಾಲೆಯಲ್ಲಿ ಕೂತು ತೂಕಡಿಸಿದೆ.

ಐವತ್ತಾರು ದಾಟಿದ ಹೆಂಗಸಿಗೆ ಇದೇನು ಹುಚ್ಚು ಎಂದು ನೀವು ಕೇಳಬಹುದು. ನಮ್ಮ ಮನೆಯವರಂತೂ ಕೇಳುತ್ತಲೇ ಇರುತ್ತಾರೆ. "ಗಾದಿ ಬಿಟ್ಟು ನೆಲದ ಮ್ಯಾಲ ಮಲಗಾಕ ಇಷ್ಟ ಹಟ ಮಾಡೋರನ್ನ ನಾ ನಿನ್ನೊಬ್ಬಾಕಿನ್ನ ನೋಡೇನಿ ನೋಡು" ಎನ್ನುತ್ತಾರೆ. ಒಮ್ಮೆ ನನ್ನ ಮೇಲಿನ ಕನಿಕರದಿಂದ ಮಾಳಿಗೆಯ ಮೇಲೆ ಸೊಳ್ಳೆ ಪರದೆ ಕಟ್ಟಿ, "ಬಾ, ಇದರಾಗ ಮಲಗು, ಇದೂ ಟೆಂಟ್ ಇದ್ದಂಗ" ಅಂದಿದ್ದರು. ಪರದೆಗೆ ಎರಡು ತೂತು ಇದ್ದವು. ಆ ರಾತ್ರಿ ಒಳಗೆ ಬಂದ ಸೊಳ್ಳೆಗಳಿಗೆ ಹೊರಗೆ ಹೋಗುವ ದಾರಿ ತಿಳಿಯದೆ ಅವೂ ನಮ್ಮ ಜೊತೆ ಶಿಬಿರ ಮಾಡಿದವು.

ನಿಜವಾದ ಕಾರಣ ಗುಳೇದಗುಡ್ಡದಲ್ಲಿದೆ. ಅದು ನನ್ನ ತವರು. ಅಪ್ಪ ಕುಪ್ಪಸದ ಖಣ ನೇಯುತ್ತಿದ್ದರು, ಮನೆಯ ಅರ್ಧ ಭಾಗ ನಮಗೆ, ಅರ್ಧ ಮಗ್ಗಕ್ಕೆ. ಎಂಟನೆಯ ಇಯತ್ತೆಯಲ್ಲಿದ್ದಾಗ ಶಾಲೆಯ ಗೈಡ್ಸ್ ಶಿಬಿರಕ್ಕೆ ನನ್ನ ಹೆಸರೂ ನನ್ನ ಗೆಳತಿ ಕಸ್ತೂರಿಯ ಹೆಸರೂ ಬಂದವು. ಅವ್ವ ಎರಡು ದಿನ ಕೂತು ರೊಟ್ಟಿ ಬಡಿದಳು. ಬಡಿದು, ಸುಟ್ಟು, ಒಣಗಿಸಿ, ಹಳೆಯ ಧೋತರದ ತುಂಡಿನಲ್ಲಿ ಗಂಟು ಕಟ್ಟಿ ಗೂಡಿನಲ್ಲಿಟ್ಟಳು. ಹೊರಡುವ ಮುಂಜಾನೆ ನಮ್ಮ ಆಯಿ, ಅಂದರೆ ಅಪ್ಪನ ತಾಯಿ, ಹೊಸ್ತಿಲಲ್ಲಿ ಕೂತು, "ಹೆಣ್ಣುಡುಗಿ ಅರಿವಿ ಗುಡಸಲದಾಗ ಮಲಗತಾಳಂತ, ಯಾರ ಕೇಳೇರಿ ಇದನ್ನ?" ಅಂದಳು. ಅಪ್ಪ ತಾಯಿಯ ಮಾತಿಗೆ ಎದುರಾಡಿದವರಲ್ಲ. ಅವ್ವ ಒಳಗೆ ಹೋದಳು. ನಾನು ಸಮವಸ್ತ್ರ ತೊಟ್ಟುಕೊಂಡು ಮಧ್ಯಾಹ್ನದವರೆಗೆ ಹಾಗೇ ಕಂಬಕ್ಕೆ ಒರಗಿ ಕೂತಿದ್ದೆ. ಶಿಬಿರದ ರೊಟ್ಟಿಯನ್ನು ಮನೆಯಲ್ಲೇ ಎಂಟು ದಿನ ತಿಂದೆವು. ಆ ಎಂಟು ದಿನ ಅವ್ವ ನನ್ನ ಮುಖ ನೋಡಿ ಬಡಿಸಲಿಲ್ಲ.

ಕಸ್ತೂರಿ ತಿರುಗಿ ಬಂದಾಗ ಶಿಬಿರದ ಹಾಡು, ಆಟ ಎಲ್ಲ ಹೇಳಿದಳು. ಅದ್ಯಾವುದೂ ನನಗೆ ನೆನಪಿಲ್ಲ. ಒಂದೇ ನೆನಪಿದೆ. "ಮುಂಜಾನಿ ಎಚ್ಚರಾದಾಗ ಟೆಂಟ್ ಒಳಗೆಲ್ಲಾ ಅರಿಷಿಣ ಬಣ್ಣದ ಬೆಳಕ ಇರತೈತಿ. ಮ್ಯಾಲ ಗುಬ್ಬಿ ಕುಂತ್ರ ಅದರ ಕಾಲಿನ ನೆಳ್ಳ ಸುದ್ದಾ ಕಾಣತೈತಿ, ಬೆರಳ ಎಣಸಬೌದು" ಅಂದಳು. ಮರುದಿನ ನಾನು ಯಾರಿಗೂ ಹೇಳದೆ ಅಪ್ಪನ ಮಗ್ಗದ ಕೆಳಗೆ ತೂರಿ, ಬಿಗಿದು ಕಟ್ಟಿದ್ದ ಹಾಸಿನ ಎಳೆಗಳ ಅಡಿಯಲ್ಲಿ ಅಂಗಾತ ಮಲಗಿದೆ. ಬೆಳಕಿಂಡಿಯ ಬಿಸಿಲು ಎಳೆಗಳ ನಡುವಿನಿಂದ ಮುಖದ ಮೇಲೆ ಬೀಳುತ್ತಿತ್ತು. ಕೆಲಸಕ್ಕೆ ಕೂತ ಅಪ್ಪ ಬಗ್ಗಿ ನೋಡಿ, "ಏನ್ ಮಾಡಾಕತ್ತೀವಾ ಅಲ್ಲಿ?" ಅಂದರು. "ಕ್ಯಾಂಪ್ ಮಾಡಾಕತ್ತೇನಿ" ಅಂದೆ. ಅಪ್ಪ ಲಾಳಿಯನ್ನು ಪಕ್ಕಕ್ಕಿಟ್ಟು, ನಾನಾಗಿಯೇ ಎದ್ದು ಬರುವವರೆಗೆ ಕೈ ಕಟ್ಟಿ ಕೂತುಬಿಟ್ಟರು. ನೇಯ್ದಷ್ಟೇ ಕೂಲಿ ಸಿಗುವ ಮನುಷ್ಯ ಹಾಗೆ ಸುಮ್ಮನೆ ಕೂತದ್ದರ ಅರ್ಥ ನನಗೆ ಆಗ ಆಗಲಿಲ್ಲ.

ಇರಲಿ. ಈ ವರ್ಷ ಆ ಅರಿಷಿಣದ ಬೆಳಕನ್ನು ನೋಡಿಯೇ ತೀರುವುದೆಂದು ನಿರ್ಧರಿಸಿದ್ದೆ, ಯಾಕೆಂದರೆ ಇದು ನನ್ನ ಕಡೆಯ ಶಿಬಿರ. ನನ್ನ ಮೊಣಕಾಲುಗಳು ಸಂಪು ಹೂಡಿ ಎರಡು ವರ್ಷವಾದವು. ನೆಲದಿಂದ ಏಳಬೇಕಾದರೆ ನನಗೆ ಒಂದು ಗೋಡೆ, ಒಂದು ಕುರ್ಚಿ ಮತ್ತು ಒಬ್ಬ ದೇವರು ಬೇಕು. ಹೀಗಾಗಿ ಮುಂದಿನ ವರ್ಷದಿಂದ ದಳವನ್ನು ಶಾಹೀನ್ ಟೀಚರಿಗೆ ಒಪ್ಪಿಸುವುದೆಂದು ಮುಖ್ಯಾಧ್ಯಾಪಕರಿಗೆ ಹೇಳಿಯಾಗಿತ್ತು. ಶಾಹೀನ್ ನಮ್ಮಲ್ಲಿ ಗಣಿತ ಕಲಿಸುವ ಚುರುಕಿನ ಹುಡುಗಿ. ನಾನು ಹೇಳಿದ್ದನ್ನೆಲ್ಲ ನೋಟ್‌ಬುಕ್ಕಿನಲ್ಲಿ ಬರೆದುಕೊಳ್ಳುತ್ತಾಳೆ. ನಾನು ಸೀನಿದರೂ ಬರೆದುಕೊಂಡಾಳು ಎಂದು ಭಯ. ನಾವಿಬ್ಬರೂ ಕೂತು ಲೆಕ್ಕ ಹಾಕಿದೆವು. ಇಪ್ಪತ್ತೆಂಟು ಹುಡುಗಿಯರು, ಎಂಟು ಡೇರೆ. ಒಂದಕ್ಕೆ ನಾಲ್ವರಂತೆ ಏಳು ಡೇರೆ ತುಂಬುತ್ತವೆ, ಎಂಟನೆಯದು ನಮ್ಮದು. ಕಾಯುವ ಕೋಣೆಯೇ ಬೇಡವೆಂದು ಅಕ್ಕಿ, ಬೇಳೆಯನ್ನೆಲ್ಲ ಬೀಗವಿರುವ ದೊಡ್ಡ ಟ್ರಂಕಿಗೆ ಹಾಕಿಸಿದೆ. ಪಾಲಕರಿಗೆ ಕೊಡುವ ಚೀಟಿಯಲ್ಲಿ ದಪ್ಪ ಅಕ್ಷರದಲ್ಲಿ, "ಮನೆಯಿಂದ ಯಾವುದೇ ತಿನ್ನುವ ಪದಾರ್ಥ ಕಳಿಸಬಾರದು" ಎಂದು ಬರೆಸಿದೆ. ಎರಡು ರಾತ್ರಿಯ ಶಿಬಿರವಿದ್ದದ್ದು ಬಾದಾಮಿಯ ಹತ್ತಿರದ ಒಂದು ಶಾಲೆಯ ಬಯಲಿನಲ್ಲಿ. ಬಾದಾಮಿಯ ಮಂಗಗಳ ಸುದ್ದಿ ಗೊತ್ತಿದ್ದವರಿಗೆ ಆ ದಪ್ಪ ಅಕ್ಷರದ ಅರ್ಥ ಆಗುತ್ತದೆ.

ಹೊರಡುವ ಮುಂಜಾನೆ ಶಾಲೆಯ ಗೇಟಿಗೆ ಬಂದು ನೋಡುತ್ತೇನೆ, ಇಪ್ಪತ್ತೆಂಟು ಹುಡುಗಿಯರು, ಇಪ್ಪತ್ತೆಂಟು ತಾಯಂದಿರು, ಇಪ್ಪತ್ತೆಂಟು ಗಂಟು. ಒಂದನ್ನು ಮುಟ್ಟಿ ನೋಡಿದೆ. ಒಳಗೆ ಕಟಕಟ ಸದ್ದು. ಕಡಕ್ ಜೋಳದ ರೊಟ್ಟಿ, ಬದಿಯಲ್ಲಿ ಶೇಂಗಾ ಹಿಂಡಿ, ಗುರೆಳ್ಳು ಹಿಂಡಿ ಎಂಬ ಚಟ್ನಿಪುಡಿಗಳು. ನಾನು ಚೀಟಿ ಎತ್ತಿ ಹಿಡಿದು, "ಏನೂ ತಿನ್ನೂದು ಕಳಸಬ್ಯಾಡ್ರಿ ಅಂತ ಬರದಿದ್ನಲ್ರಿ?" ಅಂದೆ. ತಾಯಂದಿರೆಲ್ಲ ಒಬ್ಬರ ಮುಖ ಒಬ್ಬರು ನೋಡಿದರು. ಅವರಲ್ಲೊಬ್ಬಳು ಬಹಳ ತಾಳ್ಮೆಯಿಂದ, ದಡ್ಡ ಮಗುವಿಗೆ ತಿಳಿಸಿ ಹೇಳುವಂತೆ, "ತಿನ್ನೂ ಸಾಮಾನ ಏನೂ ಕಳಿಸಿಲ್ರಿ ಅಕ್ಕೋರ. ಇದು ರೊಟ್ಟಿರಿ" ಅಂದಳು. ಆಕೆಯ ದೃಷ್ಟಿಯಲ್ಲಿ ತಿನ್ನುವ ಸಾಮಾನೆಂದರೆ ಬಿಸ್ಕತ್ತು, ಚೂಡಾ, ಕರದಂಟು. ರೊಟ್ಟಿ ಅಂದರೆ ಚಪ್ಪಲಿ, ಟವೆಲ್ಲಿನ ಹಾಗೆ ಮನುಷ್ಯ ಮನೆ ಬಿಟ್ಟು ಹೊರಡುವಾಗ ಜೊತೆಗಿರಲೇಬೇಕಾದದ್ದು. ಇಷ್ಟು ವರ್ಷ ಈ ನಾಡಿನಲ್ಲಿ ಹುಟ್ಟಿ ಬೆಳೆದು ಚೀಟಿಯಲ್ಲಿ "ರೊಟ್ಟಿ ಸಹಿತ" ಎಂದು ಬರೆಸದೇ ಹೋದದ್ದು ನನ್ನದೇ ತಪ್ಪು.

ಆದರೂ ಗಟ್ಟಿ ಮನಸ್ಸು ಮಾಡಿ ಗಂಟುಗಳನ್ನು ಇಳಿಸುವುದೇ ಸರಿ ಅಂದುಕೊಳ್ಳುತ್ತಿದ್ದೆ. ಅಷ್ಟರಲ್ಲಿ ಭಾಗ್ಯ ಎಂಬ ಒಂಬತ್ತನೆಯ ತರಗತಿಯ ಹುಡುಗಿಯ ತಾಯಿ ನನ್ನನ್ನು ಪಕ್ಕಕ್ಕೆ ಕರೆದಳು. ಅವರದು ಬೀರಪ್ಪನ ಒಕ್ಕಲು, ಹಿಂದೆ ಕುರಿ ಕಾಯುತ್ತಿದ್ದ ಮನೆತನ. ಈಗ ಭಾಗ್ಯಳ ತಂದೆ ಕಲ್ಲಿನ ಕಾರ್ಖಾನೆಗೆ ಹೋಗುತ್ತಾನೆ. ಅಜ್ಜಿ ಶಿಬಿರ ಬೇಡವೆಂದು ಹಟ ಹಿಡಿದಿದ್ದಳಂತೆ. "ಹುಟ್ಟಿದಾಗಿಂದ ಕುರಿ ಹಿಂದ ಬಯಲಾಗ ಮಲಗೇವಿ. ಈಗ ಸೂರು ಐತಿ, ಮತ್ತ ಬಯಲಾಗ ಮಲಗಾಕ ಹೋಗೂದು ಅದ್ಯಾವ ಸಾಲಿ ಅಂತ ನಮ್ಮತ್ತಿ ಒಂದ ಸವನ ಬೈದ್ಲರಿ. ನಾ ಎಂಟ ದಿನ ಹೇಳಿ ಹೇಳಿ ಒಪ್ಪಿಸೇನಿ" ಅಂದಳು ಆ ತಾಯಿ. ಆಮೇಲೆ ಸೆರಗಿನ ಕೆಳಗಿನಿಂದ ಇನ್ನೊಂದು ಗಂಟು ತೆಗೆದಳು. ಉಳಿದವಕ್ಕಿಂತ ದೊಡ್ಡದು, ಗಂಟಿನ ಮೇಲೆ ಬೀರಪ್ಪನ ಗುಡಿಯ ಅರಿಷಿಣದ ಭಂಡಾರ ಹಚ್ಚಿದ್ದಳು. "ಇದು ನಿಮಗಂತ ಬ್ಯಾರೆ ಕಟ್ಟೇನ್ರಿ. ಬ್ಯಾಡ ಅನಬ್ಯಾಡ್ರಿ ಅಕ್ಕೋರ" ಅಂದಳು. ನನಗೆ ನಮ್ಮ ಮನೆಯ ಗೂಡಿನಲ್ಲಿ ಉಳಿದುಹೋದ ಗಂಟು ಕಣ್ಣ ಮುಂದೆ ಬಂತು. ನಮ್ಮವ್ವನಿಗೆ ಎಂಟು ದಿನ ಹೇಳಿ ಒಪ್ಪಿಸುವ ಧೈರ್ಯ ಇರಲಿಲ್ಲ, ಪಾಪ. "ಎಲ್ಲಾ ಗಂಟೂ ಬಸ್ಸಿನಾಗ ಹಾಕ್ರಿ" ಅಂದುಬಿಟ್ಟೆ. ಶಾಹೀನ್ ನೋಟ್‌ಬುಕ್ಕು ತೆರೆದು, "ಅಕ್ಕಾ, ಇದನ್ನ ಬರ್ಕೊಳ್ಳೋದಾ, ಬಿಡೋದಾ?" ಅಂದಳು.

ಹುನಗುಂದ, ಅಮೀನಗಡ ದಾಟಿ ಬಸ್ಸು ಗುಳೇದಗುಡ್ಡದ ಮೇಲೆ ಹಾಯುವಾಗ ನಾನು ಕಿಟಕಿಯ ಕಡೆ ಮುಖ ಮಾಡಿ ಕೂತಿದ್ದೆ. ನಮ್ಮ ಓಣಿ ಬಸ್ಸಿನ ದಾರಿಯಿಂದ ಕಾಣುವುದಿಲ್ಲ. ಆದರೂ ಪ್ರತಿ ಸಲ ನೋಡುತ್ತೇನೆ. ಬಾದಾಮಿಗೆ ಮುಟ್ಟಿ, ಬಯಲಿನಲ್ಲಿ ಡೇರೆ ಎಬ್ಬಿಸುವಷ್ಟರಲ್ಲಿ ಶಾಲೆಯ ಕಾಂಪೌಂಡಿನ ಮೇಲೆ ಮಂಗಗಳ ಸಭೆ ಸೇರಿತ್ತು. ಕೆಂಪು ಗುಡ್ಡದಿಂದ ಇಳಿದು ಬಂದವು, ಕೈ ಕಟ್ಟಿ ಕೂತು ನಮ್ಮ ಗಂಟುಗಳನ್ನೇ ನೋಡುತ್ತಿದ್ದವು. ಡೇರೆಯಲ್ಲಿ ರೊಟ್ಟಿ ಇಟ್ಟರೆ ಅವು ಬಟ್ಟೆಯನ್ನೇ ಹರಿಯುತ್ತವೆ, ಡೇರೆಗಳೋ ಜಿಲ್ಲಾ ಕಚೇರಿಯಿಂದ ಎರವಲು ತಂದಂಥವು. ಟ್ರಂಕಿನಲ್ಲಿ ಜಾಗವಿಲ್ಲ. ಉಳಿದದ್ದು ಆ ಶಾಲೆಯವರು ಬಿಟ್ಟುಕೊಟ್ಟಿದ್ದ ಒಂದು ಕೋಣೆ. ಕೋಣೆ ಗಟ್ಟಿಯಾಗಿತ್ತು, ಆದರೆ ಕಿಟಕಿಯ ಎರಡು ಸರಳು ಇರಲಿಲ್ಲ. ಸರಿಯಾಗಿ ಒಂದು ಮಂಗ ಸೊಂಟ ಬಳುಕಿಸಿ ಒಳಗೆ ಬರುವಷ್ಟು ಸಂದು. ಕೋಣೆಯಲ್ಲಿ ಗಂಟುಗಳನ್ನು ಒಟ್ಟಿದೆವು. ಬೇಡ ಬೇಡವೆಂದರೂ ಉಗ್ರಾಣ ತಾನಾಗಿ ಹುಟ್ಟಿಕೊಂಡಿತು. ಉಗ್ರಾಣವಿದ್ದ ಮೇಲೆ ಅದರ ಬಾಗಿಲಿಗೆ ಒಬ್ಬಳು ಮುದುಕಿಯೂ ಬೇಕಲ್ಲ. "ನಾ ಕಾಯ್ತೇನಿ ಅಕ್ಕಾ, ನೀವು ಟೆಂಟಿನಾಗ ಮಲಗ್ರಿ" ಅಂದಳು ಶಾಹೀನ್. ಒಂದು ಸಲವಾದರೂ ಬೇಡ ಅನ್ನುವುದು ಮರ್ಯಾದೆ. ನಾನು ಅಷ್ಟೂ ಅನ್ನಲಿಲ್ಲ.

ಸಂಜೆ ಹುಡುಗಿಯರು ಕಲ್ಲಿನ ಒಲೆ ಹೂಡಿ ಅನ್ನ ಮಾಡಿದರು. ಅಡಿ ಹೊತ್ತಿತ್ತು, ನಡುವೆ ಮುದ್ದೆಯಾಗಿತ್ತು, ಮೇಲೆ ಅಕ್ಕಿ ಅಕ್ಕಿಯೇ ಇತ್ತು. ಒಂದೇ ಪಾತ್ರೆಯಲ್ಲಿ ಮೂರು ಬಗೆ. ಅಂದು ಎಲ್ಲರ ಹೊಟ್ಟೆ ತುಂಬಿಸಿದ್ದು ಆ ನಿಷೇಧಿತ ರೊಟ್ಟಿಯೇ. ಇಷ್ಟಾದ ಮೇಲೂ ಬಾಗಲಕೋಟೆಯಲ್ಲಿ ನಾನು ಮನೆಯ ಬುತ್ತಿ ತರಿಸಬೇಡಿ ಎಂದು ಹೇಳಬೇಕು. ಕತ್ತಲಾಗುತ್ತಿದ್ದಂತೆ ಹುಡುಗಿಯರ ಮುಖ ಬಾಡತೊಡಗಿದವು. ಇದಕ್ಕೆ ನನ್ನಲ್ಲಿ ಒಂದು ಮದ್ದಿದೆ, ಇದನ್ನು ಮಾತ್ರ ಯಾವ ಸಂಕೋಚವೂ ಇಲ್ಲದೆ ಸಲಹೆಯಾಗಿ ಕೊಡುತ್ತೇನೆ: ಮೊದಲ ದಿನ ಸಂಜೆ ಎಲ್ಲ ಮಕ್ಕಳಿಗೂ ಉಳ್ಳಾಗಡ್ಡಿ ಹೆಚ್ಚಲು ಕೊಡಿ. ಮನೆ ನೆನೆಸಿ ಅಳಬೇಕೆನ್ನುವವರು ಮನಸಾರೆ ಅಳುತ್ತಾರೆ, ಯಾರು ಯಾಕೆ ಅಳುತ್ತಿದ್ದಾರೆ ಎಂದು ಯಾರಿಗೂ ತಿಳಿಯುವುದಿಲ್ಲ, ಮರುದಿನದ ಪಲ್ಯಕ್ಕೂ ಆಗುತ್ತದೆ. ನಾನೂ ಎರಡು ಗಡ್ಡೆ ತೆಗೆದುಕೊಂಡು ಅವರ ನಡುವೆ ಕೂತೆ. ಅವ್ವ ಹೋಗಿ ಹನ್ನೊಂದು ವರ್ಷವಾಯಿತು, ಅಪ್ಪ ಅದಕ್ಕೂ ಮೊದಲೇ ಹೋದರು. ಈ ವಯಸ್ಸಿನಲ್ಲೂ ನನಗೆ ಎರಡು ಗಡ್ಡೆ ಬೇಕಾಗುತ್ತವೆ.

ಆದರೆ ಭಾಗ್ಯಳ ಅಳು ಉಳ್ಳಾಗಡ್ಡಿಗೆ ಬಗ್ಗುವಂಥದ್ದಾಗಿರಲಿಲ್ಲ. ಮಲಗುವ ಹೊತ್ತಿಗೆ ನಾನು ಮೊಣಕಾಲಿಗೆ ಎಣ್ಣೆ ಹಚ್ಚಿಕೊಂಡು ಎಂಟನೆಯ ಡೇರೆಯೊಳಗೆ ಅರ್ಧ ಮೈ ತೂರಿಸಿದ್ದೆ. ಅರ್ಧ ಅಂದರೆ ನಿಜವಾಗಿಯೂ ಅರ್ಧ. ತಲೆ ಒಳಗೆ, ಕಾಲು ಹೊರಗೆ. ಆಗ ಹಿಂದಿನಿಂದ ಬಿಕ್ಕುವ ದನಿ ಕೇಳಿತು. "ಟೀಚರ್ರೀ, ನಂಗ ಇದರಾಗ ಹೆದರಿಕಿ ಬರತೈತಿ. ಗ್ವಾಡಿನ ಇಲ್ಲ ಇದಕ್ಕ." ತಲೆತಲಾಂತರದಿಂದ ಬಯಲಿನಲ್ಲಿ ಮಲಗಿದವರ ಮೊಮ್ಮಗಳಿಗೆ ಗೋಡೆ ಬೇಕಾಗಿತ್ತು. ತಲೆತಲಾಂತರದಿಂದ ಗೋಡೆಯೊಳಗೆ ಮಲಗಿದವರ ಮಗಳಾದ ನನಗೆ ಬಯಲು ಬೇಕಾಗಿತ್ತು. ದೇವರು ವರ ಕೊಡುವಾಗ ಚೀಟಿ ಅದಲುಬದಲು ಮಾಡಿಕೊಂಡಿರಬೇಕು. ಸುಮ್ಮನಿರು ಮಲಗು ಎಂದು ಗದರಿಸಿದ್ದರೆ ಮಲಗುತ್ತಿದ್ದಳೇನೋ. ಆದರೆ ಆ ತಾಯಿ ಎಂಟು ದಿನ ಹೇಳಿ ಒಪ್ಪಿಸಿದ ಮಗಳು. ಹೆದರಿಕೊಂಡು ತಿರುಗಿ ಹೋದರೆ ಆ ಮನೆಯಿಂದ ಮತ್ತೆ ಯಾವ ಹುಡುಗಿಯೂ ಬರುವುದಿಲ್ಲ. ನಾನು ಹಿಂದಕ್ಕೆ ಸರಿದು ಹೊರಬಂದೆ. ಭಾಗ್ಯಳನ್ನು ಕರೆದುಕೊಂಡು ರೊಟ್ಟಿಯ ಕೋಣೆಯಲ್ಲಿ ಮಲಗಿದೆ, ಶಾಹೀನಳನ್ನು ಡೇರೆಗೆ ಕಳಿಸಿದೆ. ಎರಡನೆಯ ರಾತ್ರಿ ಇದೆಯಲ್ಲ ಎಂದು ಸಮಾಧಾನ ಮಾಡಿಕೊಂಡೆ.

ಬೆಳಕು ಹರಿಯುತ್ತಿದ್ದಂತೆ ಕಿಟಕಿಯ ಸಂದಿನಲ್ಲಿ ಒಂದು ಮುಖ ಕಾಣಿಸಿತು. ನಮ್ಮ ಹಿಂದಿನ ಮುಖ್ಯಾಧ್ಯಾಪಕರ ಹಾಗೇ ಗಂಭೀರವಾಗಿತ್ತು. ನಾನು "ಮಂಗ್ಯಾ!" ಎಂದು ಕೂಗಿದ್ದಷ್ಟೇ, ಶಾಹೀನ್ ಡೇರೆಯಿಂದ ಬ್ಯಾಡ್ಮಿಂಟನ್ ಬ್ಯಾಟು ಹಿಡಿದು ಓಡಿ ಬಂದಳು. ಮಂಗ ಬೇವಿನ ಗಿಡ ಏರಿತು, ಶಾಹೀನಳ ಕಾಲು ಡೇರೆಯ ಹಗ್ಗಕ್ಕೆ ಸಿಕ್ಕಿ ಹೊರಳಿತು. ಹಿಂದಿನ ದಿನವಷ್ಟೇ ಪ್ರಥಮ ಚಿಕಿತ್ಸೆ ಕಲಿತಿದ್ದ ಹುಡುಗಿಯರಿಗೆ ಹಬ್ಬವೋ ಹಬ್ಬ. ಏಳು ಡೇರೆಯವರೂ ಸರದಿಯ ಮೇಲೆ ಪಟ್ಟಿ ಕಟ್ಟಿದರು. ಕಡೆಗೆ ಶಾಹೀನಳ ಪಾದ ಮದುವೆ ಮನೆಯ ಲೋಡಿನಷ್ಟು ದಪ್ಪವಾಯಿತು. ದವಾಖಾನೆಗೆ ಕರೆದುಕೊಂಡು ಹೋದರೆ ಡಾಕ್ಟರು ಪಟ್ಟಿ ಬಿಚ್ಚುವುದರಲ್ಲೇ ಸುಸ್ತಾಗಿ, "ಎಲುಬೇನೂ ಮುರದಿಲ್ಲ. ಆದ್ರ ಎರಡು ದಿನ ಕಾಲು ಊರಬ್ಯಾಡ್ರಿ" ಅಂದರು. ಅವರು ಅಷ್ಟು ಹೇಳುವಾಗ ನಾನು ಶಾಹೀನಳ ಕಾಲಿಗಾಗಿ ಮರುಗಬೇಕಿತ್ತು. ಮರುಗಿದೆ ಕೂಡ. ಆದರೆ ಮರುಕದ ಅಡಿಯಲ್ಲಿ, ಹಾಗಾದರೆ ಇವತ್ತೂ ಕಾಯುವವಳು ನಾನೇ, ಎಂಬ ದುಃಖ ಇನ್ನೂ ದೊಡ್ಡದಾಗಿತ್ತು. ನಾನು ಅಂಥವಳು ಎಂದು ನನಗೂ ಅಲ್ಲಿಯವರೆಗೆ ಗೊತ್ತಿರಲಿಲ್ಲ.

ಆ ದಿನವಿಡೀ ನಾನು ರೊಟ್ಟಿಯನ್ನು ಖಾಲಿ ಮಾಡಿಸಲು ಪಟ್ಟ ಪಾಡು ಹೇಳಿಕೊಳ್ಳುವಂಥದ್ದಲ್ಲ. ರೊಟ್ಟಿ ಮುಗಿದರೆ ಕಾವಲು ಮುಗಿಯುತ್ತದೆ ಎಂಬುದು ಲೆಕ್ಕ. ನಾಷ್ಟಕ್ಕೆ ರೊಟ್ಟಿ, ಗುಡ್ಡ ಹತ್ತುವಾಗ ರೊಟ್ಟಿ, ಹಗ್ಗಕ್ಕೆ ಗಂಟು ಹಾಕುವ ಸ್ಪರ್ಧೆಯಲ್ಲಿ ಗೆದ್ದವರಿಗೆ ರೊಟ್ಟಿ, ಸೋತವರಿಗೆ ಸಮಾಧಾನಕ್ಕೆ ಎರಡು ರೊಟ್ಟಿ. ಪಕ್ಕದ ಹೊಲದಲ್ಲಿ ಕಳೆ ತೆಗೆಯುತ್ತಿದ್ದ ಹೆಂಗಸರಿಗೆ ಒಯ್ದು ಕೊಟ್ಟರೆ, "ನಮ್ಮ ಹಂತ್ಯಾಕ ಇಲ್ಲೇನ್ರಿ ರೊಟ್ಟಿ? ಕುಂದರ್ರಿ, ನೀವ ಉಣ್ರಿ" ಎಂದು ತಮ್ಮ ಬುತ್ತಿಯಿಂದ ನನಗೇ ಆರು ರೊಟ್ಟಿ, ಬದನೆಕಾಯಿ ಪಲ್ಯ ಕಟ್ಟಿ ಕೊಟ್ಟರು. ಕೊಟ್ಟದ್ದು ಎಂಟು ರೊಟ್ಟಿ, ತಿರುಗಿ ತಂದದ್ದು ಆರು. ಸಂಜೆಗೆ ಇನ್ನೂ ಹತ್ತು ಹನ್ನೆರಡು ಗಂಟು ಉಳಿದಿದ್ದವು. ಅವುಗಳ ಮೇಲೆ ಭಂಡಾರ ಹಚ್ಚಿದ ನನ್ನ ದೊಡ್ಡ ಗಂಟು ಬಿಚ್ಚದೆ ಹಾಗೇ ಕೂತಿತ್ತು. ಅದನ್ನು ಹಂಚಲು ಮನಸ್ಸು ಬರಲಿಲ್ಲ. ಮನೆಗೆ ಒಯ್ದು ಎಂಟು ದಿನ ತಿನ್ನಬೇಕು ಎಂದುಕೊಂಡಿದ್ದೆ. ಅಂದು ಭಾಗ್ಯ ಮಾತ್ರ ಗುಡ್ಡ ಹತ್ತಿ ಇಳಿದು, ಹಾಡಿ ಕುಣಿದು, ಗೆಳತಿಯರ ಜೊತೆ ನಗುತ್ತ ಡೇರೆಯೊಳಗೆ ಹೋಗಿ ಮಲಗಿಬಿಟ್ಟಳು. ತಿರುಗಿ ಕೂಡ ನೋಡಲಿಲ್ಲ. ಕ್ಯಾಪ್ಟನ್ ಆಗಿ ನನಗೆ ಸಂತೋಷವಾಯಿತು. ಕ್ಯಾಪ್ಟನ್ ಅಲ್ಲದ ಇನ್ನೊಬ್ಬಳು ಒಳಗಿದ್ದಾಳಲ್ಲ, ಅವಳಿಗೆ ಹೊಟ್ಟೆಕಿಚ್ಚಾಯಿತು.

ಕಡೆಯ ಮುಂಜಾನೆ ನಾನು ಕೋಣೆಯ ಮುಂದಿನ ಕಟ್ಟೆಯ ಮೇಲೆ ಕೋಲು ಹಿಡಿದು, ಕೊರಳಲ್ಲಿ ಸೀಟಿ ಹಾಕಿಕೊಂಡು, ಶಾಲು ಹೊದ್ದು ಕೂತಿದ್ದೆ. ಗುಡ್ಡದ ಅಂಚು ಕೆಂಪಾಯಿತು, ಬಿಸಿಲು ಮೆಲ್ಲಗೆ ಬಯಲಿಗೆ ಇಳಿಯಿತು. ಎಂಟೂ ಡೇರೆ ಒಂದೊಂದಾಗಿ ಹೊಳೆಯತೊಡಗಿದವು. ಹದಿನೆಂಟು ವರ್ಷ ನಾನು ಇದನ್ನು ನೋಡಿದ್ದೆ, ಹೊರಗಿನಿಂದ. ಹೊರಗಿನಿಂದ ಅದು ಬರೀ ಬಿಸಿಲು ಬಿದ್ದ ಹಳೆಯ ಬಟ್ಟೆ. ಇಷ್ಟೇ ನನ್ನ ಪಾಲಿಗೆ, ಇರಲಿ, ಎಂದು ಮನಸ್ಸಿಗೆ ಹೇಳಿಕೊಂಡೆ. ಮನಸ್ಸು ಕೇಳಲಿಲ್ಲ, ಹದಿಮೂರರ ಹುಡುಗಿಯ ಹಾಗೆ ಕಂಬಕ್ಕೆ ಒರಗಿ ಕೂತೇ ಇತ್ತು. ಅಷ್ಟರಲ್ಲಿ ಮೂರನೆಯ ಡೇರೆಯ ಬಾಗಿಲು ಸರಿದು ಭಾಗ್ಯಳ ಕೆದರಿದ ತಲೆ ಹೊರಗೆ ಬಂತು. "ಟೀಚರ್ರೀ" ಎಂದು ಪಿಸುದನಿಯಲ್ಲಿ ಕರೆದಳು. "ಲಗೂನ ಬರ್ರಿ, ಒಂದ ಮಜಾ ತೋರಸ್ತೇನಿ. ಹಾರಿ ಹೋಗೂದರಾಗ ಬರ್ರಿ."

ನಾನು ಕೋಣೆಯ ಕಿಟಕಿ ನೋಡಿದೆ, ಗಂಟುಗಳನ್ನು ನೋಡಿದೆ, ಬೇವಿನ ಗಿಡ ನೋಡಿದೆ. ಗಿಡದಲ್ಲಿ ಮೂರು ಬಾಲ ಜೋತು ಬಿದ್ದಿದ್ದವು. ಕಾವಲು ಬಿಟ್ಟು ಹೋಗಬಾರದು ಎಂದು ಹದಿನೆಂಟು ವರ್ಷ ಮಕ್ಕಳಿಗೆ ಪಾಠ ಮಾಡಿದವಳು ನಾನು. ಕೋಲನ್ನು ಕಟ್ಟೆಗೆ ಒರಗಿಸಿ ಎದ್ದೆ. ಬಯಲು ದಾಟಿ, ಬಗ್ಗಿ, ಮೊಣಕಾಲು ಕಿರುಗುಟ್ಟುತ್ತಿದ್ದರೂ ಡೇರೆಯೊಳಗೆ ತೂರಿದೆ. ಮೂವರು ಹುಡುಗಿಯರು ಇನ್ನೂ ಮುದುರಿ ಮಲಗಿದ್ದರು. ಭಾಗ್ಯ ಸರಿದು ಜಾಗ ಮಾಡಿದಳು. "ಹಿಂಗ ಅಂಗಾತ ಮಲಗ್ರಿ" ಅಂದಳು. ಮಲಗಿದೆ. ಬೆಳಕು ಅರಿಷಿಣ ಬಣ್ಣದ್ದೇ ಇತ್ತು. ಕಸ್ತೂರಿ ಒಂದಕ್ಷರವೂ ಸುಳ್ಳು ಹೇಳಿರಲಿಲ್ಲ. ನನ್ನ ಕೈ, ಭಾಗ್ಯಳ ಮುಖ, ಮಲಗಿದ್ದ ಹುಡುಗಿಯರ ಹೊದಿಕೆ ಎಲ್ಲವೂ ಆ ಬೆಳಕಿನಲ್ಲಿ ಮಿಂದಿದ್ದವು. ಭಾಗ್ಯ ಬೆರಳು ಮೇಲೆ ಮಾಡಿ, "ಅಲ್ನೋಡ್ರಿ, ಗುಬ್ಬಿ. ಅದರ ಕಾಲ ನೋಡ್ರಿ" ಅಂದಳು. ಸವೆದ ಬಟ್ಟೆಯ ಮೇಲೆ ಎರಡು ಪುಟ್ಟ ಕಾಲಿನ ನೆರಳು ಜಿಗಿಯುತ್ತಿತ್ತು. ನಾನು ಬೆರಳು ಎಣಿಸಿದೆ. ಮುಂದೆ ಮೂರು, ಹಿಂದೆ ಒಂದು. ನಲವತ್ಮೂರು ವರ್ಷ ತಡವಾಗಿ ಎಣಿಸಿದೆ. ಕಣ್ಣಿನಿಂದ ನೀರು ಇಳಿದು ಕಿವಿಯೊಳಗೆ ಹೋಯಿತು. ಅಂಗಾತ ಮಲಗಿ ಅಳುವವರಿಗೆ ಇದೊಂದು ತೊಂದರೆ. "ಯಾಕ್ರಿ ಟೀಚರ್?" ಅಂದಳು ಭಾಗ್ಯ. "ಉಳ್ಳಾಗಡ್ಡಿ ವಾಸನಿ ಇನ್ನೂ ಕೈಯಾಗ ಐತಿ" ಅಂದೆ.

ಆಗ ಗುಬ್ಬಿ ಪುರ್ರನೆ ಹಾರಿತು. ಬಟ್ಟೆಯ ಆ ಬದಿಯಿಂದ ಒಂದು ದೊಡ್ಡ ನೆರಳು ನಿಧಾನವಾಗಿ ನಡೆದು ಬಂತು. ಮೊದಲು ತಲೆ, ಆಮೇಲೆ ಬೆನ್ನು, ಕಡೆಗೆ ಮೇಲಕ್ಕೆತ್ತಿದ ಉದ್ದ ಬಾಲ. ಒಂದು ತೋಳಲ್ಲಿ ಕೂಸನ್ನು ಎತ್ತಿಕೊಂಡ ಹಾಗೆ ದೊಡ್ಡದೊಂದು ಗಂಟನ್ನು ಅವುಚಿಕೊಂಡಿತ್ತು. ಹೆಜ್ಜೆ ಹೆಜ್ಜೆಗೂ ಒಳಗೆ ರೊಟ್ಟಿ ಕಟಕಟ ಎನ್ನುತ್ತಿತ್ತು. ಭಾಗ್ಯ ನನ್ನ ತೋಳು ಹಿಡಿದು, "ಟೀಚರ್, ಮಂಗ್ಯಾ!" ಎಂದು ಉಸಿರಿದಳು. ನನ್ನ ಕೈ ತಾನಾಗಿ ಸೀಟಿಗೆ ಹೋಯಿತು. ಮೂರು ಸಲ ಊದಿದರೆ ಇಡೀ ಶಿಬಿರ ಎದ್ದು ನಿಲ್ಲುತ್ತದೆ, ಮಂಗ ಗಂಟು ಬಿಟ್ಟು ಓಡಬಹುದು, ನಾನೂ ಎದ್ದು ಓಡಬೇಕು. ಸೀಟಿಯನ್ನು ಎದೆಯ ಮೇಲೆ ಮೆಲ್ಲಗೆ ಇಳಿಸಿದೆ. "ಸುಮ್ಮಿರು. ಇನ್ನೊಂದ ಸ್ವಲ್ಪ ಮಲಗೂಣು" ಅಂದೆ. ನೆರಳು ಈ ತುದಿಯಿಂದ ಆ ತುದಿಗೆ ಗಂಭೀರವಾಗಿ ದಾಟಿ ಹೋಯಿತು. ನಾವಿಬ್ಬರೂ ಅಲ್ಲಾಡದೆ ನೋಡಿದೆವು. ಅಪ್ಪ ಲಾಳಿ ಬಿಟ್ಟು ಕೈ ಕಟ್ಟಿ ಕೂತಿದ್ದು ಅವತ್ತು ನನಗೆ ಪೂರ್ತಿ ಅರ್ಥವಾಯಿತು.

ಆಮೇಲೆ ನನ್ನನ್ನು ಡೇರೆಯಿಂದ ಹೊರತೆಗೆಯಲು ನಾಲ್ಕು ಹುಡುಗಿಯರು ಬೇಕಾದರು, ಆ ಮಾತು ಬಿಡಿ. ಹೋಗಿ ನೋಡಿದರೆ ಹೋದದ್ದು ಒಂದೇ ಗಂಟು, ಮೇಲೆ ಇಟ್ಟಿದ್ದ ನನ್ನದು. ಬೇವಿನ ಗಿಡದ ಕೆಳಗೆ ಭಂಡಾರದ ಬಟ್ಟೆ ಮಾತ್ರ ಬಿದ್ದಿತ್ತು. ಅದನ್ನು ಮಡಚಿ ಚೀಲದಲ್ಲಿಟ್ಟುಕೊಂಡೆ. ಅಂದು ಮಧ್ಯಾಹ್ನ ಇಳಕಲ್ಲಿಗೆ ಬಂದು ಇಳಿದಾಗ ಭಾಗ್ಯ ಬಸ್ಸಿನಿಂದ ಜಿಗಿದು, ತಾಯಿಯ ಜೊತೆಗೆ ಬಂದು ಕಾದಿದ್ದ ಅಜ್ಜಿಯ ಮುಂದೆ ನಿಂತು ಗುಡ್ಡದ ಸುದ್ದಿ, ಗುಬ್ಬಿಯ ಸುದ್ದಿ ಒಂದೇ ಉಸಿರಿಗೆ ಹೇಳತೊಡಗಿದಳು. ಅಜ್ಜಿ ಮುಖ ಬಿಗಿದುಕೊಂಡೇ, "ನಾವೂ ಕಂಡೇವಿ ಬಿಡ ಅದನ್ನೆಲ್ಲಾ" ಅಂದಳು. ಆದರೆ ಮೊಮ್ಮಗಳ ಚೀಲ ತಾನೇ ಇಸಿದುಕೊಂಡಳು. ಭಾಗ್ಯಳ ತಾಯಿ ನನ್ನ ಹತ್ತಿರ ಬಂದು, "ನಿಮಗಂತ ಕಟ್ಟಿದ್ದ ರೊಟ್ಟಿ ಹೆಂಗಿದ್ವರಿ ಅಕ್ಕೋರ?" ಅಂದಳು. ಪಕ್ಕದಲ್ಲಿದ್ದ ಭಾಗ್ಯ ಬಾಯಿ ತೆರೆದಳು, ನನ್ನ ಮುಖ ನೋಡಿ ಮುಚ್ಚಿದಳು. ನಾನು ಹೇಳಿದೆ, "ಒಂದೂ ಉಳೀಲಿಲ್ಲ ನೋಡವಾ."

ಆಕೆಯ ಮುಖ ಅರಳಿದ್ದನ್ನು ನೀವು ನೋಡಬೇಕಿತ್ತು. "ಹಂಗಾರ ಬರೂ ವರ್ಸ ಎರಡ ಗಂಟ ಕಟ್ಟತೇನ್ರಿ" ಅಂದಳು. ಈಗ ಹೇಳಿ, ಎರಡು ಗಂಟು ಬಂದರೆ ಆ ಶಾಹೀನ್ ಒಬ್ಬಳೇ ಹೇಗೆ ಕಾಯುತ್ತಾಳೆ? ಅವಳ ಕಾಲೂ ಇನ್ನೂ ಪೂರಾ ನೆಟ್ಟಗಾಗಿಲ್ಲ. ದಳ ಅವಳದೇ, ಅದರಲ್ಲಿ ಎರಡು ಮಾತಿಲ್ಲ. ನಾನು ಬರೀ ಕೋಲು ಹಿಡಿದು ಕೂರಲು ಹೋಗುವುದು ಎಂದು ಮನೆಯವರಿಗೆ ಈಗಲೇ ಹೇಳಿಟ್ಟಿದ್ದೇನೆ. ಅವರು ನನ್ನ ಮೊಣಕಾಲು ನೋಡಿದರು. ಬಾಗಲಕೋಟೆಯ ಭಾಷಣವನ್ನೂ ಬರೆದು ಮುಗಿಸಿದ್ದೇನೆ. ಮೊದಲ ಸಲಹೆ, "ಕಾವಲಿಗಿದ್ದವರು ಯಾವ ಕಾರಣಕ್ಕೂ ಜಾಗ ಬಿಟ್ಟು ಕದಲಬಾರದು." ಅದರ ಕೆಳಗೆ ಎರಡು ಗೆರೆ ಎಳೆದಿದ್ದೇನೆ. ಓದುವಾಗ ದನಿ ಸ್ವಲ್ಪ ತಪ್ಪಿದರೆ ಇರಲಿ ಎಂದು ಒಂದು ಬಾಟಲಿ ನೀರನ್ನೂ ಚೀಲದಲ್ಲಿ ಇಟ್ಟುಕೊಂಡಿದ್ದೇನೆ, ಆ ಭಂಡಾರದ ಬಟ್ಟೆಯ ಪಕ್ಕದಲ್ಲಿ.